ಮಠದ ಬಾಗಿಲ ಜಗುಲಿ

ಸಿಪ್ಪಾರ್, ಶಮಶ್ ದೇವರ ಮಠ
ತಶ್ರೀತು ತಿಂಗಳು, ಇಪ್ಪತ್ತನೆಯ ದಿನ
ದೊಡ್ಡ ಕಾಲುವೆಯ ಹೂಳು ತೆಗೆಸಿದ ವರ್ಷ

ಇಪ್ಕಾತುಮ್,

ಚಿಕ್ಕಪ್ಪ ತೀರಿಕೊಂಡ. ಹೋದ ತಿಂಗಳು ಹನ್ನೊಂದಕ್ಕೆ. ಎಂಬತ್ತು ತುಂಬಿತ್ತು, ನರಳಲಿಲ್ಲ. ಬೆಳಗ್ಗೆ ಜಗುಲಿಯ ಮೇಲೆ ಕೂತು ಯಾರೋ ಮೀನುಗಾರನ ಹೆಂಡತಿಗೆ ಪತ್ರ ಬರೆದುಕೊಡುತ್ತಿದ್ದವನು ಹಾಗೇ ಗೋಡೆಗೆ ಒರಗಿದ. ಅವನು ಯೋಚಿಸುತ್ತಿದ್ದಾನೆ ಎಂದುಕೊಂಡು ಆಕೆ ಮಧ್ಯಾಹ್ನದವರೆಗೆ ಎದುರಿಗೇ ಕೂತು ಕಾದಳಂತೆ. “ನಾನು ಹೇಳಿದ್ದು ಕಷ್ಟದ ಮಾತೇನೋ, ಅದಕ್ಕೇ ಅಯ್ಯನೋರು ಸುಮ್ನಿದಾರೆ ಅನ್ಕೊಂಡೆ ತಾಯೀ” ಎಂದು ನನ್ನ ಹತ್ತಿರ ಬಂದು ಅತ್ತಳು. ಅರ್ಧಕ್ಕೆ ನಿಂತ ಆ ಪತ್ರವನ್ನು ನಾನೇ ಮುಗಿಸಿಕೊಟ್ಟೆ.

ಈಗ ವಿಷಯಕ್ಕೆ ಬರುತ್ತೇನೆ. ಮಠದ ಬಾಗಿಲ ಜಗುಲಿ ಖಾಲಿಯಾಗಿದೆ. ಮುತ್ತಜ್ಜನ ಅಪ್ಪನಿಂದ ಚಿಕ್ಕಪ್ಪನವರೆಗೆ ನಾಲ್ಕು ತಲೆಮಾರು ಅಲ್ಲಿ ಕೂತು ಊರಿನ ಮಾತನ್ನೆಲ್ಲ ಮಣ್ಣಿಗೆ ಒತ್ತಿದ್ದಾರೆ. ನಾನು ಮಠದ ಒಳಗಿನ ಹೆಂಗಸರಿಗೆ ಬರೆಯುವವಳು, ಬಾಗಿಲ ಹೊರಗೆ ಕೂರುವ ಹಾಗಿಲ್ಲ. ಮನೆಯಲ್ಲಿ ಗಂಡಸು ಎಂದು ಉಳಿದಿರುವುದು ನೀನೊಬ್ಬನೇ. ಹಿರಿಯರು ಜಗುಲಿಯನ್ನು ಹೊಸ ವರ್ಷ ಹುಟ್ಟುವ ನಿಸಾನು ತಿಂಗಳ ಮೊದಲ ದಿನದವರೆಗೆ ನಮ್ಮ ಮನೆಗೇ ಕಾದಿರಿಸಿದ್ದಾರೆ. ಅಷ್ಟರೊಳಗೆ ನೀನು ಬಂದು ಅವರೆದುರು ಕೂತು, ಅವರು ಹೇಳಿದ್ದನ್ನು ಬರೆಯಬೇಕು, ಅವರು ಕೊಟ್ಟ ಹಳೆಯ ಮಣ್ಣಿನ ಬಿಲ್ಲೆಯೊಂದನ್ನು ಓದಿ ತೋರಿಸಬೇಕು. ನಿನಗದು ಈರುಳ್ಳಿ ಸುಲಿದಷ್ಟು ಕೆಲಸ. ಹನ್ನೆರಡು ವರ್ಷ ಗಡಿಯ ಧೂಳು ತಿಂದದ್ದು ಸಾಕು, ಬಾ.

ನೋಡು, ಈ ಪತ್ರಕ್ಕೂ ನಾನು ತಲೆಬರಹ ಹಾಕಿಲ್ಲ. ಊರಿನವರ ಪತ್ರವೆಲ್ಲ ‘ಇಂಥವನಿಗೆ ಹೇಳು’ ಎಂದೇ ಶುರುವಾಗಬೇಕು, ನಡುವೆ ಓದಿ ಹೇಳುವ ಲಿಪಿಕಾರನೊಬ್ಬ ಇದ್ದೇ ಇರುತ್ತಾನಲ್ಲ. ನಮ್ಮಿಬ್ಬರ ನಡುವೆ ಯಾರಿದ್ದಾರೆ? ಚಿಕ್ಕವನಿದ್ದಾಗ ನೀನು ಆಟಕ್ಕೆ ಬರೆದ ಬಿಲ್ಲೆಯಲ್ಲಿ ‘ಅಕ್ಕನಿಗೆ ಹೇಳು’ ಎಂದು ಹಾಕಿ ಅಪ್ಪನ ಕೈಲಿ ಏಟು ತಿಂದದ್ದು ನೆನಪಿದೆಯಾ? “ನಿಮ್ಮಕ್ಕ ಓದು ಬರ್ದೇ ಇರೋ ಕುರಿ ಕಾಯೋಳೇನೋ? ಅವ್ಳ ಕಣ್ಣಿಗೇ ಬರಿ!” ಎಂದು ಜೊಂಡಿನ ಕಡ್ಡಿಯಲ್ಲೇ ಬಾರಿಸಿದ. ಅಲ್ಲಿಂದಾಚೆ ನಾನು ನಿನ್ನನ್ನು ಕೆಣಕಲೆಂದೇ ‘ಹೇಳು’ ಹಾಕಿ ಬರೆದರೆ ನೀನು ಮೂರು ದಿನ ಮಾತು ಬಿಡುತ್ತಿದ್ದೆ.

ನನಗೆ ಸಾಕಾಗಿದೆ ತಮ್ಮಾ. ಬೆಳಗ್ಗೆ ಎದ್ದರೆ ಬಲಗೈ ಮರಗಟ್ಟಿರುತ್ತದೆ, ಬಿಸಿನೀರಿಗೆ ಹಾಕಿ ತಿಕ್ಕಿದ ಮೇಲೆ ಕಡ್ಡಿ ಹಿಡಿಯುತ್ತೇನೆ. ಅದು ವಯಸ್ಸು, ಬೇರೇನಲ್ಲ. ಪಕ್ಕದಲ್ಲಿ ನೀನು ಬರೆಯುತ್ತಿದ್ದೀ ಎಂದು ಗೊತ್ತಿದ್ದರೆ ಇನ್ನಷ್ಟು ವರ್ಷ ಬರೆದೇನು.

ನಿನ್ನ ಅಕ್ಕ ನರಾಮ್ತಾನಿ


ಮೇಲ್ದಂಡೆಯ ಕೋಟೆ
ಅರಖ್ಸಮ್ನು ತಿಂಗಳು, ಒಂಬತ್ತನೆಯ ದಿನ

ಅಕ್ಕಾ,

ಚಿಕ್ಕಪ್ಪನ ಸುದ್ದಿ ತಿಳಿದು ಆ ದಿನವೆಲ್ಲ ಏನೂ ಬರೆಯಲಿಲ್ಲ. ದಳಪತಿ ಬಂದು “ಏನ್ ಲಿಪಿಕಾರ, ಮಣ್ಣು ಒಣಗ್ತಾ ಇದೆ” ಎಂದ. “ಒಣಗ್ಲಿ ಬಿಡಿ” ಎಂದೆ. ಸುಮ್ಮನೆ ಹೋದ. ನೂರು ಜನರನ್ನು ಕೂಗಿ ನಡುಗಿಸುವವನು ನನ್ನೆದುರು ದನಿ ತಗ್ಗಿಸುತ್ತಾನೆ. ರಾಜನಿಂದ ಪತ್ರ ಬಂದರೆ ಅದರಲ್ಲಿ ಅವನಿಗೆ ಮೆಚ್ಚುಗೆ ಇದೆಯೋ ಶಿಕ್ಷೆ ಇದೆಯೋ ನಾನು ಬಾಯಿ ಬಿಡುವವರೆಗೆ ಅವನಿಗೆ ಗೊತ್ತಾಗದು. ಅದಕ್ಕೇ ನನಗೆ ಒಳ್ಳೆಯ ಮೀನು, ಅದಕ್ಕೇ ನನ್ನ ಮೇಲೆ ಒಳಗೊಳಗೇ ಸಿಟ್ಟು. ಲಿಪಿಕಾರನ ಮರ್ಯಾದೆ ಎಂದರೆ ಇಷ್ಟೇ ಎಂದು ಈಚೆಗೆ ಅನ್ನಿಸುತ್ತದೆ. ಜನ ನಮ್ಮನ್ನು ಪ್ರೀತಿಸುವುದಿಲ್ಲ, ನಾವಿಲ್ಲದೆ ಅವರಿಗೆ ನಡೆಯುವುದಿಲ್ಲ.

ಜಗುಲಿಯ ಮಾತು. ಈಗಲೇ ಬರುವುದು ಕಷ್ಟ ಅಕ್ಕ. ನನ್ನ ಜಾಗಕ್ಕೆ ಇನ್ನೊಬ್ಬ ಬರದೆ ದಳಪತಿ ಬಿಡುವುದಿಲ್ಲ. ಈ ಮರಳುಗಾಡಿಗೆ ಓದು ಬಲ್ಲವನು ಯಾರು ಬರುತ್ತಾನೆ? ಮೇಲಾಗಿ ಇಲ್ಲಿ ಯಾದಿಖುಮ್ ಇದ್ದಾನೆ, ಹೊಲ ಅಳೆಯುವವನು, ಬಾಯಲ್ಲಿ ಎರಡೇ ಹಲ್ಲು. ಸಂಜೆ ನನ್ನ ಪಾಲಿನ ಹೆಂಡ ಕುಡಿದು ನನ್ನ ತಲೆ ತಿನ್ನುತ್ತಾನೆ. ಅವನನ್ನು ಬಿಟ್ಟು ಬರಲು ಮನಸ್ಸಿಲ್ಲ ಎಂದರೆ ನಗಬೇಡ.

ಕೈಗೆ ಎಳ್ಳೆಣ್ಣೆ ಹಚ್ಚು. ಇಲ್ಲಿ ಗಾಳಿ ಜೋರು, ಕಣ್ಣಿಗೆ ಸದಾ ಧೂಳು. ಬೇರೆಲ್ಲ ಸೌಖ್ಯ.

ಇಪ್ಕಾತುಮ್


ಸಿಪ್ಪಾರ್
ಕಿಸ್ಲೀಮು ತಿಂಗಳು, ಹನ್ನೆರಡನೆಯ ದಿನ

ಇಪ್ಕಾತುಮನಿಗೆ ಹೇಳು: ನರಾಮ್ತಾನಿ ಹೀಗೆನ್ನುತ್ತಾಳೆ.

ಶಮಶ್ ದೇವರೂ ಆಯ ದೇವಿಯೂ ನಿನ್ನನ್ನು ನೂರು ಕಾಲ ಬಾಳಿಸಲಿ. ನಿನ್ನ ತಲೆಗೂ ನಿನ್ನ ದ್ವಾರಕ್ಕೂ ಕೇಡು ತಟ್ಟದಿರಲಿ.

ನಿನ್ನ ಪತ್ರ ತಲುಪಿತು. ನೀನು ಹೇಳಿದ ಕಾರಣ ಕಾರಣವೇ ಅಲ್ಲ. ಹಿರಿಯರ ಪರವಾಗಿ ಪತ್ರ ಕಳುಹಿಸಿದರೆ ಯಾವ ದಳಪತಿಯಾದರೂ ಬಿಡುತ್ತಾನೆ. ಅಲ್ಲಿ ಯಾವಳಾದರೂ ಹೆಂಗಸು ಇದ್ದರೆ ಅವಳನ್ನೂ ಕರೆದುಕೊಂಡು ಬಾ, ನಾನು ಆಡಿಕೊಳ್ಳುವುದಿಲ್ಲ.

ಇನ್ನೊಂದು ಮಾತು. ನಿನ್ನ ಬರಹ ಕೆಟ್ಟಿದೆ. ಸಾಲು ಓರೆಯಾಗಿವೆ, ಕೊನೆಯ ಎರಡು ಸಾಲು ಒಂದರ ಮೇಲೊಂದು ಹತ್ತಿವೆ. ಕುಡಿದು ಬರೆದೆಯಾ? ನನಗೆ ಬರೆಯುವಾಗಲಾದರೂ ಎಚ್ಚರದಲ್ಲಿ ಇರು. ಹಿರಿಯರ ಎದುರು ಹೀಗೆ ಬರೆದರೆ ಅಪ್ಪನ ಹೆಸರು ಹೋಗುತ್ತದೆ.

ನಿಸಾನಿಗೆ ಮೂರೂವರೆ ತಿಂಗಳು ಇದೆ. ಬರುತ್ತೀಯೋ ಇಲ್ಲವೋ ಒಂದು ಮಾತಿನಲ್ಲಿ ತಿಳಿಸು. ನಾನು ಆರೋಗ್ಯ.


ಮೇಲ್ದಂಡೆಯ ಕೋಟೆ
ತೆಬೇತು ತಿಂಗಳು, ಐದನೆಯ ದಿನ

ಅಕ್ಕಾ,

ಏನಿದು, ನ್ಯಾಯಸಭೆಯಲ್ಲಿ ಓದುವ ಹಾಗೆ ಬರೆದಿದ್ದೀಯಲ್ಲ! ದೇವರು, ತಲೆ, ದ್ವಾರ! ನಿನ್ನ ತಮ್ಮನಿಗೆ ಹರಸುವುದಕ್ಕೆ ಇಷ್ಟೊಂದು ದೇವರು ಬೇಕಾಗಿದ್ದು ಯಾವಾಗಿನಿಂದ? ಮಾತು ನೋಡಿದರೆ ನೀನು ನನ್ನ ಮೇಲೆ ಸಿಟ್ಟಾಗಿದ್ದೀ. ಆಗು. ಆದರೂ ನಿನ್ನ ಬರಹ ನೋಡಿ ಸಮಾಧಾನವಾಯಿತು. ಹನ್ನೆರಡು ವರ್ಷದ ಹಿಂದೆ ಹೇಗಿತ್ತೋ ಹಾಗೇ ಇದೆ, ಒಂದು ಗೀರೂ ಅಲುಗಿಲ್ಲ. ಕೈ ಮರಗಟ್ಟುತ್ತದೆ ಎಂದು ನೀನು ಬರೆದಾಗಿನಿಂದ ನನಗೆ ಅದೇ ಚಿಂತೆಯಾಗಿತ್ತು.

ಕುಡಿದು ಬರೆದದ್ದೇ ಇರಬೇಕು. ಯಾದಿಖುಮನ ಸಹವಾಸ.

ಹೋದ ವಾರ ಒಬ್ಬ ಸಿಪಾಯಿ ಬಂದ. ಗೋಡೆಯಿಂದ ಬಿದ್ದು ಕಾಲು ಎರಡು ಕಡೆ ಮುರಿದಿದೆ, ಇಬ್ಬರು ಹೊತ್ತು ತಂದರು. ಅವನ ತಾಯಿಗೆ ಪತ್ರ ಬರೆಯಬೇಕಂತೆ. “ಕಾಲಿನ ವಿಷ್ಯ ಹಾಕ್ಬೇಡಿ ಅಯ್ಯಾ. ದಿನಾ ಕತ್ತೆ ಹತ್ತಿ ತಿರುಗ್ತಾ ಇದೀನಿ, ದಪ್ಪ ಆಗಿದೀನಿ ಅಂತ ಬರೀರಿ” ಎಂದ. “ಮುಂದೆ ಊರಿಗೆ ಕುಂಟ್ಕೊಂಡು ಹೋದಾಗ ಏನ್ ಹೇಳ್ತೀಯೋ?” ಎಂದು ಕೇಳಿದೆ. “ಹೋದ್ರೆ ತಾನೆ” ಎಂದ. ಬರೆದುಕೊಟ್ಟೆ. ನಾವು ಸತ್ಯ ಬರೆಯುವವರು ಎಂದು ಅಪ್ಪ ಎದೆ ತಟ್ಟಿ ಹೇಳುತ್ತಿದ್ದ. ನಾವು ಬರೆಯುವುದು ಹೇಳಿಸಿದ್ದನ್ನು, ಅಷ್ಟೇ.

ಹೆಂಗಸು ಯಾರೂ ಇಲ್ಲ. ನೀನು ಒಂದು ಮಾತು ಕೇಳಿದ್ದೀ, ಹೇಳುತ್ತೇನೆ: ನನಗಾಗಿ ಕಾಯಬೇಡ. ಇಲ್ಲಿ ನನಗೆ ಮರ್ಯಾದೆ ಇದೆ, ಹೊಟ್ಟೆಗೆ ಇದೆ. ಬಾಗಿಲಲ್ಲಿ ಕೂತು ಮೀನುಗಾರರ ಜಗಳ ಬರೆಯುವ ಆಸೆ ಉಳಿದಿಲ್ಲ.

ಇಪ್ಕಾತುಮ್


ಸಿಪ್ಪಾರ್
ತೆಬೇತು ತಿಂಗಳು, ಹದಿನೆಂಟನೆಯ ದಿನ

ಈ ಬಿಲ್ಲೆಯನ್ನು ಓದುತ್ತಿರುವ ಅಣ್ಣನಿಗೆ: ನೀವು ಯಾರೋ ನನಗೆ ತಿಳಿಯದು. ಯಾದಿಖುಮ್ ಎಂಬುವವರೇ ಇರಬಹುದು. ನಿಮ್ಮ ಪಕ್ಕದಲ್ಲಿ ನನ್ನ ತಮ್ಮ ಕೂತಿದ್ದಾನೆ. ದಯವಿಟ್ಟು ಒಂದು ಪದವನ್ನೂ ಬಿಡದೆ ಓದಿ. ಅವನು “ಸಾಕು ನಿಲ್ಲಿಸು” ಎಂದರೂ ನಿಲ್ಲಿಸಬೇಡಿ.

ತಮ್ಮಾ, ನಿನ್ನ ಕಣ್ಣು ಹೋಗಿ ಎಷ್ಟು ದಿನವಾಯಿತು?

ನನಗೆ ಯಾರೂ ಹೇಳಲಿಲ್ಲ, ನೀನೇ ಹೇಳಿದೆ. ಹೋದ ಸಲ ನಾನು ಕಳುಹಿಸಿದ ಪತ್ರ ‘ಇಪ್ಕಾತುಮನಿಗೆ ಹೇಳು’ ಎಂದು ಶುರುವಾಗಿತ್ತು. ಬಿಲ್ಲೆಗೆ ಮಣ್ಣಿನ ಹೊದಿಕೆ ಮುಚ್ಚಿದ ಮೇಲೆ ನನಗೆ ಗೊತ್ತಾಯಿತು. ಒಡೆದು ಬೇರೆ ಮಾಡೋಣ ಎಂದರೆ ದೋಣಿ ಹೊರಟು ನಿಂತಿತ್ತು. ಇರಲಿ, ಬೈಸಿಕೊಳ್ಳೋಣ ಎಂದುಕೊಂಡೆ. ನಿನ್ನ ಬೈಗುಳಕ್ಕೆ ಒಂದು ತಿಂಗಳು ಕಾದೆ, ನಿಜ ಹೇಳಬೇಕೆಂದರೆ ಆಸೆಯಿಂದ ಕಾದೆ. ನೀನು ಹರಕೆಯ ಮಾತಿಗೆ ಹಂಗಿಸಿದೆ, ದ್ವಾರಕ್ಕೆ ಹಂಗಿಸಿದೆ, ಮೊದಲ ಸಾಲಿನ ಸುದ್ದಿಯನ್ನೇ ಎತ್ತಲಿಲ್ಲ. ಅದಕ್ಕೆ ಮೂರು ದಿನ ಮಾತು ಬಿಡುತ್ತಿದ್ದವನು ನೀನು. ಓದಿ ಹೇಳುವವರು ಆ ಸಾಲನ್ನು ಗಟ್ಟಿಯಾಗಿ ಓದುವುದಿಲ್ಲ. ಅದು ಅವರಿಗೆ ಕೊಟ್ಟ ಅಪ್ಪಣೆ, ಕೇಳುವವರಿಗೆ ತಲುಪುವ ಮಾತಲ್ಲ. ನಾನೂ ಮಠದ ಹೆಂಗಸರಿಗೆ ಓದುವಾಗ ಅದನ್ನು ಬಿಟ್ಟೇ ಓದುತ್ತೇನೆ.

ಆಮೇಲೆ ನನ್ನ ಬರಹವನ್ನು ಹೊಗಳಿದೆಯಲ್ಲ, ಅದು ನನ್ನ ಬರಹವಲ್ಲ. ಅರಖ್ಸಮ್ನು ತಿಂಗಳ ಕೊನೆಯಲ್ಲಿ ಬಟ್ಟೆ ಒಗೆಯುವ ಕಟ್ಟೆಯ ಹತ್ತಿರ ಬಿದ್ದೆ. ಎದ್ದಾಗ ಬಲಗೈ ನನ್ನದಾಗಿರಲಿಲ್ಲ. ಈಗಲೂ ಮಡಿಲಲ್ಲಿ ಬಿದ್ದಿರುತ್ತದೆ, ಎಡಗೈಯಿಂದ ಎತ್ತಿ ಇಡಬೇಕು. ಆ ಪತ್ರವನ್ನೂ ಇದನ್ನೂ ಬರೆದವಳು ಲಮಾಸ್ಸಿ, ನನ್ನ ಜೊತೆ ಮಠ ಸೇರಿದವಳು. ನಲವತ್ತು ದಾಟಿದ ಮೇಲೆ ನನ್ನ ಹತ್ತಿರ ಬರೆಯಲು ಕಲಿತಳು. ಅವಳ ಬರಹ ಗುಬ್ಬಿ ಓಡಾಡಿದ ಅಂಗಳದ ಹಾಗಿರುತ್ತದೆ. ಇದನ್ನು ಬರೆಯಲು ಅವಳು ಒಪ್ಪುತ್ತಿಲ್ಲ.

“ನನ್ನ ಕೈಲೇ ನನ್ನ ಬೈಗುಳ ಬರೆಸ್ತೀಯಾ?” ಎನ್ನುತ್ತಿದ್ದಾಳೆ.

“ಬರಿ. ಲಿಪಿಕಾರ ಅಂದ್ರೆ ಹೇಳಿದ್ದು ಬರಿಯೋನು” ಎಂದೆ.

“‘ಹೇಳು’ ಹಾಕ್ಬಾರ್ದು ಅಂತ ನಂಗೇನು ಕನಸು ಬಿದ್ದಿತ್ತಾ? ಅದಿಲ್ದೇ ಇರೋ ಪತ್ರ ತಲೆ ಕತ್ತರಿಸಿದ ಮೀನಿನ ಥರ. ಕಲಿಸ್ಕೊಟ್ಟೋಳು ನೀನೇ ತಾನೆ?”

ಅದೂ ನಿಜ. ನಾನೇ ಕಲಿಸಿದ್ದು. ಬರೆದಿದ್ದಾಳೆ ಪಾಪ, ಬೈದುಕೊಂಡೇ.

ನನ್ನ ಬರಹದ ಬದಲು ಆ ಗುಬ್ಬಿ ಅಂಗಳವನ್ನು ನೋಡಿಯೂ ನೀನು ‘ಒಂದು ಗೀರೂ ಅಲುಗಿಲ್ಲ’ ಎಂದು ಬರೆದೆ. ಅದನ್ನು ಎರಡು ಸಲ ಓದಿದೆ. ಮೂರನೆಯ ಸಲ ಲಮಾಸ್ಸಿಯ ಕೈಗೆ ಕೊಟ್ಟು ಓದಿಸಿದೆ. ನಿನ್ನ ಓರೆ ಸಾಲು ನೋಡಿ ನಾನು ಕುಡುಕ ಎಂದೆನಲ್ಲ, ಅದನ್ನು ನೆನೆದರೆ ಎಡಗೈಯೂ ಬೀಳಬಾರದೇ ಎನ್ನಿಸುತ್ತದೆ.

ಉತ್ತರ ಬರೆ. ಈ ಸಲ ಸುಳ್ಳು ಬೇಡ.

ನರಾಮ್ತಾನಿ


ಮೇಲ್ದಂಡೆಯ ಕೋಟೆ
ಅದ್ದಾರು ತಿಂಗಳು, ಎರಡನೆಯ ದಿನ

ಅಕ್ಕಾ,

ಒಂದು ತಿಂಗಳು ಉತ್ತರ ಬರೆಯದೆ ಕೂತೆ. ಕ್ಷಮಿಸು.

ಯಾದಿಖುಮ್ ಪೂರ್ತಿ ಓದಿದ. ನಾನು ಅರ್ಧದಲ್ಲೇ ನಿಲ್ಲಿಸು ಎಂದೆ. “ನಿಮ್ಮಕ್ಕ ನಿಲ್ಲಿಸ್ಬೇಡ ಅಂತ ಬರ್ದಿದಾಳೆ ಕಣಯ್ಯಾ, ನಾನು ಅವ್ಳ ಮಾತು ಕೇಳ್ತೀನಿ” ಎಂದು ಓದಿದ, ಕೊನೆಗೆ ಅವನೇ ಅತ್ತ. ಅವನು ಆ ಸಾಲನ್ನು ಬಿಟ್ಟು ಓದಿದ್ದು ನಿಜ. “ಎಲ್ಲಾ ಪತ್ರದಲ್ಲೂ ಇರೋದೇ ಅಲ್ವಾ, ಅದ್ನೇನು ಓದೋದು?” ಎನ್ನುತ್ತಾನೆ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ.

ಅವನು ಹೋದ ಮೇಲೆ ನಿನ್ನ ಪತ್ರಗಳ ಬುಟ್ಟಿ ತೆಗೆದು ಒಂದೊಂದೇ ಬಿಲ್ಲೆಯ ಮೇಲೆ ಹೆಬ್ಬೆರಳು ಆಡಿಸಿದೆ. ಇಷ್ಟು ದಿನ ಇದು ಯಾಕೆ ಹೊಳೆಯಲಿಲ್ಲವೋ. ನಿನ್ನದು ಆಳವಾದ ಒತ್ತು, ಗೀರಿನ ತಲೆ ಎಡಕ್ಕೆ ಸ್ವಲ್ಪ ವಾಲುತ್ತದೆ. ಕೊನೆಯ ಎರಡು ಬಿಲ್ಲೆ ಸಿಕ್ಕಿದಾಗ ಕೈ ನಿಂತಿತು. ಮೇಲೆ ಮೇಲೆ ಒತ್ತಿದ ಹೆದರುಪುಕ್ಕಲ ಕೈ. ನಿನ್ನದಲ್ಲ ಎಂದು ಮಗುವಿಗೂ ಗೊತ್ತಾಗುತ್ತಿತ್ತು. ಅಷ್ಟು ಸುಂದರವಾದ ಕೈ ಹೋಯಿತಲ್ಲ ಅಕ್ಕ! ಹತ್ತಿರ ಇದ್ದು ಆ ಕೈಯನ್ನು ಎತ್ತಿ ಮಡಿಲಲ್ಲಿ ಇಡುವುದಕ್ಕೂ ನಾನಿಲ್ಲ.

ಕಣ್ಣು ಹೋಗಿ ಎರಡು ಬೇಸಿಗೆ ಆಯಿತು. ಮೊದಲು ಸಣ್ಣ ಗೀರು ಮಂಜಾಯಿತು, ಆಮೇಲೆ ದೊಡ್ಡವೂ ಹೋದವು. ಈಗ ಬೆಳಕು ನೆರಳು ತಿಳಿಯುತ್ತದೆ, ಅಷ್ಟೇ. ಬರೆಯುವುದನ್ನು ಬೆರಳು ಮರೆತಿಲ್ಲ. ಎಡಗೈ ಬೆರಳನ್ನು ಸಾಲಿಗೆ ಅಡ್ಡ ಇಟ್ಟುಕೊಂಡು ಬರೆಯುತ್ತೇನೆ. ಬೆರಳು ಜಾರಿದಾಗ ಸಾಲು ಹತ್ತುತ್ತದೆ. ದಳಪತಿಗೆ ಬಂದ ಪತ್ರವನ್ನು “ಒಳಗೆ ಕೂತು ಓದ್ಕೊಂಡು ಬರ್ತೀನಿ” ಎಂದು ತೆಗೆದುಕೊಂಡು ಹೋಗುತ್ತೇನೆ. ಒಳಗೆ ಯಾದಿಖುಮ್, ಹೊಲದ ಲೆಕ್ಕ ಇಡಲು ಓದು ಕಲಿತವನು, ಪಿಸುಮಾತಿನಲ್ಲಿ ಓದುತ್ತಾನೆ. ನಾನು ಬಾಯಿಪಾಠ ಮಾಡಿಕೊಂಡು ಬಂದು, ಬಿಲ್ಲೆ ಹಿಡಿದು, ಕಣ್ಣಾಡಿಸುವವನ ಹಾಗೆ ತಲೆ ಆಡಿಸುತ್ತಾ ಒಪ್ಪಿಸುತ್ತೇನೆ. ಅದಕ್ಕೆ ಕೂಲಿ ನನ್ನ ಪಾಲಿನ ಹೆಂಡ. ಎರಡು ವರ್ಷದಿಂದ ನಾನು ಕುಡಿದೇ ಇಲ್ಲ, ನಿನ್ನಾಣೆ.

ಸಿಕ್ಕಿಬಿದ್ದರೆ ಏನಾಗುತ್ತದೆ ಎಂದು ಗೊತ್ತು. ಕೋಟೆಯ ಹಿಂದೆ ಬೀಸುವ ಮನೆ ಇದೆ. ಕಣ್ಣು ಕಳೆದುಕೊಂಡ ಸೆರೆಯಾಳುಗಳು ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಲ್ಲು ತಿರುವುತ್ತಾರೆ. ಆ ಸದ್ದು ನನ್ನ ಕೋಣೆಗೆ ಕೇಳಿಸುತ್ತದೆ. ದಿನಾ ಕೇಳಿಸಿಕೊಂಡೇ ದಳಪತಿಯ ಪತ್ರ ಬರೆಯುತ್ತೇನೆ. ದಣಿದಿದ್ದೇನೆ ಅಕ್ಕ. ಕೆಲಸಕ್ಕಿಂತ ನಟಿಸುವುದಕ್ಕೇ ಹೆಚ್ಚು ದಣಿದಿದ್ದೇನೆ.

ಜಗುಲಿಗೆ ಬರಲಾರೆ. ಹೇಳಿದ್ದನ್ನು ಬರೆದೇನು, ಹಿರಿಯರು ಹಳೆಯ ಬಿಲ್ಲೆ ಕೊಟ್ಟು ಓದು ಎಂದರೆ ಏನು ಮಾಡಲಿ? ಹಳೆಯ ಬಿಲ್ಲೆಗಳು ಸವೆದಿರುತ್ತವೆ, ಹೆಬ್ಬೆರಳಿಗೆ ಏನೂ ಸಿಗುವುದಿಲ್ಲ. ಅಪ್ಪ ಕೂತ ಜಾಗದಲ್ಲಿ ನನ್ನನ್ನು ಕೂರಿಸಿ, ಊರವರೆಲ್ಲ ನಿಂತು ನೋಡುವಾಗ, “ಇವನಿಗೆ ಕಾಣಲ್ಲ ಎಬ್ಬಿಸ್ರೋ” ಎನ್ನಿಸಿಕೊಳ್ಳುವುದಕ್ಕೆ ನನ್ನಿಂದಾಗದು. ನನ್ನನ್ನು ಇಲ್ಲೇ ಬಿಡು. ನಡೆದಷ್ಟು ದಿನ ನಡೆಯಲಿ.

ಇಪ್ಕಾತುಮ್


ಸಿಪ್ಪಾರ್
ಅದ್ದಾರು ತಿಂಗಳು, ಹದಿಮೂರನೆಯ ದಿನ

ಯಾದಿಖುಮ್ ಅಣ್ಣನಿಗೆ: ನಿಮ್ಮ ಉಪಕಾರ ದೊಡ್ಡದು. ಈ ದೋಣಿಯಲ್ಲಿ ಒಂದು ಬುಟ್ಟಿ ಖರ್ಜೂರ ಇದೆ, ಬೀಜ ತೆಗೆದದ್ದು, ಎರಡು ಹಲ್ಲಿಗೆ ಸಾಕು. ಇದನ್ನೂ ಪೂರ್ತಿ ಓದಿ.

ತಮ್ಮಾ,

ನಿನ್ನೆ ಹಿರಿಯರ ಹತ್ತಿರ ಹೋಗಿದ್ದೆ. ಲಮಾಸ್ಸಿ ತೋಳು ಹಿಡಿದುಕೊಂಡು ಬಂದಳು. ಬಾಗಿಲಲ್ಲೇ ಎಲ್ಲರೂ ಕೂತಿದ್ದರು, ಖಾಲಿ ಜಗುಲಿಯ ಎದುರಿಗೆ.

“ತಮ್ಮ ಯಾವಾಗ ಬರ್ತಾನಮ್ಮಾ?” ಎಂದು ಕೇಳಿದರು.

“ಜಗುಲಿಗೆ ಬರಲ್ಲ” ಎಂದೆ. “ಬೇರೆಯೋರಿಗೆ ಕೊಡಿ.”

“ನಾಲ್ಕು ತಲೆಮಾರಿಂದು ತಾಯೀ. ಒಂದ್ಸಲ ಬಿಟ್ರೆ ಮತ್ತೆ ನಿಮ್ಮನೆಗೆ ಬರಲ್ಲ. ಇನ್ನೂ ಹದಿನೆಂಟು ದಿನ ಇದೆ, ಯೋಚ್ನೆ ಮಾಡಿ.”

“ಮಾಡಾಯ್ತು.”

“ಯಾಕೆ ಅಂತನಾದ್ರೂ ಹೇಳ್ಬಾರ್ದಾ?”

ನಾನು ಹೇಳಲಿಲ್ಲ. ನಿನ್ನ ಕಣ್ಣಿನ ಸುದ್ದಿ ನಿನ್ನದು, ಅದನ್ನು ಬಾಗಿಲಲ್ಲಿ ನಿಂತು ಹಂಚಲು ನನಗೆ ಹಕ್ಕಿಲ್ಲ. ಬಿಟ್ಟುಕೊಟ್ಟ ಮಾತನ್ನು ಅಲ್ಲೇ ಬರೆದರು. ನನ್ನ ಉರುಳೆ ಮುದ್ರೆಯನ್ನು ಎಡಗೈಯಲ್ಲಿ ಹಿಡಿದು ಹಸಿ ಮಣ್ಣಿನ ಮೇಲೆ ನಾನೇ ಉರುಳಿಸಿದೆ. ಕೀಶ್ ಊರಿನ ಒಬ್ಬ ಕಾದು ನಿಂತಿದ್ದ, ಸದಾ ಮೂಗು ಸೋರುವವನು. ಮಧ್ಯಾಹ್ನವೇ ಅವನ ಪರೀಕ್ಷೆ ಮುಗಿದು, ಸಂಜೆಗೆ ಅಪ್ಪನ ಜಾಗದಲ್ಲಿ ಚಾಪೆ ಹಾಸಿಕೊಂಡು ಕೂತ. ನನಗೆ ಸಂಕಟವಾಯಿತು. ಆಗಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಮಠದೊಳಗೆ ಬಂದು ಅತ್ತೆ. ಲಮಾಸ್ಸಿ ನನಗೆ ಸಾರು ಕುಡಿಸುತ್ತಾ ಕೀಶ್‌ನವನ ಮೂಗನ್ನು ಅಣಕಿಸಿ ತೋರಿಸಿದ ಮೇಲೆ ಸ್ವಲ್ಪ ನಕ್ಕೆ.

ಈಗ ಜಗುಲಿ ಇಲ್ಲ. ಪರೀಕ್ಷೆ ಇಲ್ಲ. ನಿನ್ನನ್ನು ಓದು ಎನ್ನುವವರು ಈ ಊರಲ್ಲಿ ಯಾರೂ ಇಲ್ಲ. ಲಿಪಿಕಾರನಾಗಿ ಬರಬೇಡ, ತಮ್ಮನಾಗಿ ಬಾ. ಅಪ್ಪನ ಮನೆ ಮಠದ ಗೋಡೆಗೆ ಅಂಟಿಕೊಂಡೇ ಇದೆ, ಸೂರು ಗಟ್ಟಿಯಾಗಿದೆ. ಮಠದಿಂದ ನನಗೆ ಬರುವ ಜವೆ, ಎಣ್ಣೆ ಇಬ್ಬರ ಹೊಟ್ಟೆಗೆ ಸಾಲುತ್ತದೆ. ನಾನು ದಿನಾ ಬೆಳಗ್ಗೆ ಬರುತ್ತೇನೆ. ನಾನು ಜಗುಲಿ ಜಗುಲಿ ಎಂದು ಬಡಿದುಕೊಂಡದ್ದು ನಿನ್ನನ್ನು ಕರೆಸಿಕೊಳ್ಳುವುದಕ್ಕೆ. ಸುಮ್ಮನೆ ಬಾ ಎನ್ನಲು ನಾಚಿಕೆಯಾಗಿ ಅಪ್ಪನ ಹೆಸರು ತಂದೆ. ಅದೇ ನಿನ್ನನ್ನು ಬರದ ಹಾಗೆ ಮಾಡುತ್ತದೆ ಎಂದು ತಿಳಿಯಲಿಲ್ಲ.

ಈ ಹೊದಿಕೆಯ ಒಳಗೆ ಇನ್ನೊಂದು ಸಣ್ಣ ಬಿಲ್ಲೆ ಇದೆ, ದಪ್ಪನೆಯದು. ಯಾದಿಖುಮ್ ಅಣ್ಣಾ, ಅದನ್ನು ನೀವು ಓದಬೇಡಿ. ಅವನ ಕೈಗೆ ಕೊಟ್ಟು ಸ್ವಲ್ಪ ಹೊರಗೆ ಹೋಗಿ ಕೂತಿರಿ.

ನರಾಮ್ತಾನಿ


(ಸಣ್ಣ ಬಿಲ್ಲೆ, ಅದೇ ದಿನ)

ಇಪ್ಕಾತುಮ್
ಎಡಗೈ ನಾನೇ
ನಡುವೆ ಯಾರೂ ಇಲ್ಲ
ಬಾ


ಮೇಲ್ದಂಡೆಯ ಕೋಟೆ
ನಿಸಾನು ತಿಂಗಳು, ನಾಲ್ಕನೆಯ ದಿನ
ಕಾಲುವೆಯ ಹೂಳು ತೆಗೆಸಿದ ವರ್ಷದ ಮರುವರ್ಷ. ಹೊಸ ವರ್ಷಕ್ಕೆ ರಾಜ ಇಟ್ಟ ಹೆಸರು ಇಲ್ಲಿಗೆ ಇನ್ನೂ ತಲುಪಿಲ್ಲ

ಅಕ್ಕಾ,

ದಳಪತಿಗೆ ನಾನೇ ಹೇಳಿದೆ. ಬಾಗಿಲು ಹಾಕಿ ಹೇಳಿದೆ.

“ಎರಡು ವರ್ಷ ಕಣ್ಣಿಲ್ದೇ ನನ್ನ ಪತ್ರ ಬರ್ದ್ಯಾ?”

“ಹೌದು.”

“ರಾಜನಿಗೂ?”

“ರಾಜನಿಗೂ.”

“ನಾನೂ ನೀನು ಓದ್ತಾ ಇದೀಯ ಅಂತ ಎದುರಿಗೆ ಕೈಕಟ್ಟಿ ನಿಂತಿದ್ದೆ, ಥೂ!” ಎಂದ. ಬೀಸುವ ಮನೆಯ ಸದ್ದು ಕೇಳಿಸುತ್ತಿತ್ತು, ನಾನು ಅದನ್ನೇ ಕೇಳಿಸಿಕೊಂಡು ನಿಂತಿದ್ದೆ. ಕೊನೆಗೆ ಅವನು ತಗ್ಗಿದ ದನಿಯಲ್ಲಿ, “ಈ ವಿಷ್ಯ ಹೊರಗೆ ಬಿದ್ರೆ ನಗೋದು ನಿನ್ನ ನೋಡಿ ಅಲ್ಲ, ನನ್ನ ನೋಡಿ. ವಯಸ್ಸಾಯ್ತು ಅಂತ ಬಿಡುಗಡೆ ಬರ್ಕೋ. ನೀನೇ ಬರಿ, ನಾನು ಮುದ್ರೆ ಹಾಕ್ತೀನಿ. ಮೊದ್ಲ ದೋಣಿಗೆ ಹೋಗು” ಎಂದ. ನನ್ನ ಬಿಡುಗಡೆಯ ಪತ್ರವೇ ಈ ಕೋಟೆಯಲ್ಲಿ ನಾನು ಬರೆದ ಕೊನೆಯ ಪತ್ರ. ನನ್ನ ಜಾಗಕ್ಕೆ ಯಾದಿಖುಮ್ ಕೂರುತ್ತಾನೆ. ಇನ್ನು ಮೇಲೆ ಹೆಂಡಕ್ಕೆ ಯಾರನ್ನು ಕಾಡಲಿ ಎಂದು ಗೊಣಗುತ್ತಿದ್ದಾನೆ.

ಜಗುಲಿ ಹೋದದ್ದಕ್ಕೆ ನನಗೂ ಸಂಕಟವಾಯಿತು. ಅದಕ್ಕೆ ಬದಲಾಗಿ ನಾನು ಏನು ಕೊಡಬಲ್ಲೆ ಎಂದು ಗೊತ್ತಿಲ್ಲ. ದೋಣಿ ನಾಳೆ ಹೊರಡುತ್ತದೆ. ಈ ಬಿಲ್ಲೆ ಇವತ್ತೇ ಹೊರಡುವ, ಜನರಿಗೆ ಜಾಗವಿಲ್ಲದ ಸರಕಿನ ದೋಣಿಯಲ್ಲಿ ಬರುತ್ತದೆ, ನನಗಿಂತ ಒಂದು ದಿನ ಮುಂಚೆ ನಿನ್ನ ಕೈ ಸೇರುತ್ತದೆ. ಹೊರಕೋಣೆಯಲ್ಲಿ ಅಪ್ಪ ಕೂರುತ್ತಿದ್ದ ಕಡೆ ಒಂದು ಚಾಪೆ ಹಾಸಿಡು.

ಸಣ್ಣ ಬಿಲ್ಲೆ ಸಿಕ್ಕಿತು. ಯಾದಿಖುಮ್ ಹೊರಗೆ ಹೋಗಿ ಕೂತಿದ್ದ. ಯಾರೂ ಓದಿ ಹೇಳಲಿಲ್ಲ, ಹೆಬ್ಬೆರಳು ಆಡಿಸಿ ನಾನೇ ಓದಿದೆ, ನಾಲ್ಕು ಸಲ. ಗೀರಿನ ತಲೆ ಈಗ ಬಲಕ್ಕೆ ವಾಲಿದೆ. ಮೂರನೆಯ ಸಾಲು ಓರೆಯಾಗಿ ಹೋಗಿ ನಾಲ್ಕನೆಯದರ ಮೇಲೆ ಹತ್ತಿದೆ.

ಕುಡಿದು ಬರೆದೆಯಾ?